ಮೂರನೆಯ ಪದ

ಬೀಗದಕೈ ಎಣಿಸಿ ಕೊಟ್ಟಾಯಿತು.
ನೆಲಮಾಳಿಗೆಯ ಹದಿನೆಂಟು ಮೀಟರಿನ ಗಾಜಿನ ಕಾಲುವೆಗೆ
ತೂಬು ತೆಗೆದಿದ್ದಾನೆ ಸಿರಿಲ್ ಹಾಬ್ಡೇ.
ಮೂವತ್ತೊಂದು ವರ್ಷ ಅಲೆ ಎಬ್ಬಿಸಿದ ಕೈ
ಇವತ್ತು ಬರಿಯ ಬಕೆಟ್ಟು ಹಿಡಿದಿದೆ.
ಗಾಜಿನ ಒಳಮೈಗೆ ನೇರಳೆ ಗೆರೆ, ಎಂದೋ ಬಿಟ್ಟ ಬಣ್ಣದ್ದು,
ಉಜ್ಜಿದರೂ ಹೋಗದು.
"ಇರಲಿ ಬಿಡು," ಎನ್ನುತ್ತಾಳೆ ಹೆಸ್ಟರ್ ಪ್ರಾಸರ್,
"ನನ್ನ ಪ್ರಬಂಧಗಳಿಗಿಂತ ಅದೇ ಗಟ್ಟಿ."

ಅವಳ ನದಿ ಸೆವರ್ನ್.
ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಅದು ಹಿಂದಕ್ಕೆ ಹರಿಯುತ್ತದೆ:
ಕಡಲು ಉಬ್ಬಿ, ಆಲಿಕೆಯಂಥ ಬಾಯಿಗೆ ನುಗ್ಗಿ,
ಇಳಿಯುವ ನೀರಿನ ಎದೆ ಮೆಟ್ಟಿ ಏರುನೀರು
ಒಂದೇ ಒಂದು ಮೆಟ್ಟಿಲಾಗಿ ನಡೆದು ಬರುತ್ತದೆ.
ಮೆಟ್ಟಿಲಿಗೊಂದು ಸಮೀಕರಣ.
ಸಮೀಕರಣಕ್ಕೊಂದು ಜನ್ಮ.

ಎಪ್ಪತ್ತೊಂಬತ್ತರ ಮಾರ್ಚ್, ಮಿನ್‌ಸ್ಟರ್‌ವರ್ತಿನ ದಂಡೆ, ಕತ್ತಲು.
ಗಾಜಿನೆಳೆಯಂಥ ಹಾವುಮೀನಿನ ಮರಿಗಳಿಗೆ
ಲಾಟೀನಿನ ಬೆಳಕಲ್ಲಿ ಬಲೆ ಹದಮಾಡುತ್ತಿದ್ದ ಅಪ್ಪ.
ಇವಳ ಕೈಯಲ್ಲಿ ಹಾಳೆ.
"ಎಂಟು ಇಪ್ಪತ್ತೊಂಬತ್ತಕ್ಕೆ ಬರುತ್ತೆ."
ಅಪ್ಪ ಗಾಳಿ ಮೂಸಿದ.
"ಎಂಟು ನಲವತ್ತು. ಹೆಚ್ಚುಕಡಿಮೆ."

ಎಂಟು ಇಪ್ಪತ್ತೊಂಬತ್ತಕ್ಕೆ ಬಂದದ್ದು ಒಂದು ಬಾತುಕೋಳಿ.
ಹನ್ನೊಂದು ನಿಮಿಷ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ನದಿ ಗುಡುಗಿತು.

"ಹೊಳೆಯ ತಳದಲ್ಲಿ ಕೆಸರಿದೆ ಮಗಳೇ,
ನಿನ್ನ ಹಾಳೆಯ ತಳದಲ್ಲಿ ಏನಿದೆ?"

ಆ ಹನ್ನೊಂದು ನಿಮಿಷವೇ ಅವಳ ಉದ್ಯೋಗವಾಯಿತು.
ಕೆಸರಿಗೊಂದು ಪದ ಸೇರಿಸಿದಳು, ಎಂಟಕ್ಕಿಳಿಯಿತು.
ತಿರುವುಗಳಿಗೊಂದು, ಆರು.
ಆರರಲ್ಲೇ ಹತ್ತು ವರ್ಷ.
ಅನುದಾನ ನಿಂತಿತು, ಅದೇ ಚಳಿಗಾಲ ಮದುವೆಯೂ.
ಒಬ್ಬ ಪರಿಶೀಲಕ "ಇದರಲ್ಲಿ ಹೊಸದೇನಿಲ್ಲ" ಎಂದ,
ಇನ್ನೊಬ್ಬ "ನಂಬಲಾಗದಷ್ಟು ಹೊಸದು" ಎಂದ,
ಇಬ್ಬರೂ ಸೇರಿ ಬೇಡವೆಂದರು.

ಎಂಬತ್ತೆಂಟರ ಪ್ರಬಂಧ, ಹದಿನಾಲ್ಕನೆಯ ಸಮೀಕರಣ:
ಒಂದು ಕಳೆಯುವ ಚಿಹ್ನೆ ಬಿಟ್ಟುಹೋಗಿತ್ತು.
ಕಂಡವನು ವಿದ್ಯಾರ್ಥಿ ಇಯೆಸ್ಟಿನ್;
ಮೂರು ದಿನ ಬಾಗಿಲವರೆಗೆ ಬಂದು, ಕೆಮ್ಮಿ, ಹೋದ.
ನಾಲ್ಕನೆಯ ದಿನ ಅವಳೇ ಕರೆದು ಚಹಾ ಕೊಟ್ಟಳು.
ತಿದ್ದುಪಡಿ ಅಚ್ಚಾಯಿತು, ನಾಲ್ಕು ಸಾಲು.
ಅವಳು ಬರೆದ ಗದ್ಯದಲ್ಲೆಲ್ಲ ಚೆಂದದ್ದು ಅದೇ.
ತಪ್ಪು ಸರಿಮಾಡಿದ ಮೇಲೂ ಉಳಿದದ್ದು ನಾಲ್ಕು ನಿಮಿಷ.

ಕನ್ನಡದಲ್ಲಿ ಲೆಕ್ಕದ ಸಾಲಿನಲ್ಲಿ ನಿಂತದ್ದೂ ಪದ,
ಬಾಯಿಂದ ಬಿದ್ದದ್ದೂ ಪದ.
ಹೆಸ್ಟರಿಗೆ ಅದು ಗೊತ್ತಿಲ್ಲ.
ಗೊತ್ತಿರುವುದು ಇದು: ಕೆಲವು ಶ್ರೇಣಿಗಳು ಹಾಗೇ,
ಮೊದಲ ಪದಕ್ಕೆ ನಿಜ ಕಾಣುತ್ತದೆ, ಎರಡಕ್ಕೆ ಹತ್ತಿರ,
ಮೂರಕ್ಕೆ ಕೈಗೆಟಕುವಷ್ಟು.
ಆಸೆಗೆ ನಾಲ್ಕನೆಯದು ಕೂಡಿಸಿದೆಯೋ, ದೂರ ಸರಿಯಿತು;
ಐದು, ಆರು, ಹುಚ್ಚುಹೊಳೆ.
ಪೂರ್ತಿ ಹೇಳಹೊರಟರೆ ಸುಳ್ಳು,
ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟರೆ ಗಣಿತ.
ಗೊತ್ತಿದ್ದೂ ಎಷ್ಟು ಇರುಳು
ನಾಲ್ಕನೆಯದನ್ನು ಕೂಡಿಸಿ ನೋಡಿದ್ದಾಳೆ,
ಅಳಿಸಿದ್ದಾಳೆ.

ಮರುದಿನ ಬೆಳಿಗ್ಗೆ ಅದೇ ದಂಡೆ. ಅಪ್ಪನಿಲ್ಲ.
ಲಾಟೀನಿನ ಜಾಗದಲ್ಲಿ ಕಾರುಗಳು, ಫ್ಲಾಸ್ಕುಗಳು,
ಒದ್ದೆ ನಾಯಿ, ಅಲೆಯೇರಲು ಹಲಗೆ ಹಿಡಿದ ಹುಡುಗರು.
ಲೆಕ್ಕದ ಹೊತ್ತು ಬಂತು, ಹೋಯಿತು.
ನೀರು ಇನ್ನೂ ಕೆಳಗೇ ಹರಿಯುತ್ತಿದೆ,
ತನ್ನ ಮೇಲೆ ಯಾರೂ ಏನೂ ಬರೆದೇ ಇಲ್ಲವೆಂಬಂತೆ.

ಚಳಿಗೆ ತುಟಿ ನೀಲಿಗಟ್ಟಿದ ಹುಡುಗನೊಬ್ಬ
ಯಾರೋ ಅಜ್ಜಿಯೆಂದು ಕೇಳುತ್ತಾನೆ,
"ಯಾವಾಗ ಬರುತ್ತೆ, ನಿಮಗೇನಾದರೂ ಗೊತ್ತಾ?"

ಗಡಿಯಾರ ಜೇಬಿಗೆ ಹಾಕಿ,
ಮೂಗೆತ್ತಿ ಗಾಳಿ ಮೂಸಿ,
"ನಾಲ್ಕು ನಿಮಿಷ," ಅಂದಳು,
"ಹೆಚ್ಚುಕಡಿಮೆ."