ಸಾಲು, ಸಾಲ

ಬೋಳಾರದ ಕಮ್ಯುನಿಟಿ ಕಾಲೇಜಿನ ಮಹಡಿಯಲ್ಲಿ
ಸಂಜೆ ಆರರಿಂದ ಎಂಟು, ಡೇಟಾಬೇಸ್ ಕ್ಲಾಸು.
ಕಿಟಕಿಯಾಚೆ ಹೆಂಚಿನ ಕಾರ್ಖಾನೆಯ ಕೊಳವೆ,
ಹೊಗೆ ಬಿಟ್ಟು ಎಷ್ಟೋ ವರ್ಷ,
ತುದಿಯಲ್ಲಿ ಈಗ ಅಶ್ವತ್ಥದ ಗಿಡ.
ಒಳಗೆ ನಾವು ಹನ್ನೊಂದು ಜನ.
ಬಸ್ ಕಂಡಕ್ಟರ್ ಉಮಾನಾಥ, ಮದ್ದಿನಂಗಡಿಯ ತಂಝೀಲ್,
ಮತ್ತು ನಾನು, ದಕ್ಕೆಯಲ್ಲಿ ರೈಟರ್.
ಎಷ್ಟು ಸಾಬೂನು ಹಾಕಿದರೂ
ನನ್ನ ಬೆರಳು ಯಾವುದೆಂದು ಕೀಬೋರ್ಡಿಗೆ ಗೊತ್ತಾಗುತ್ತದೆ.

ಫೀಸು ಕೊಟ್ಟದ್ದು ಇದ್ದಿನಬ್ಬ ಸಾಹುಕಾರರು.
"ಕಲಿತು ಬಾ, ಲೆಕ್ಕ ಎಲ್ಲ ಕಂಪ್ಯೂಟರಿಗೆ ಹಾಕುವ" ಎಂದರು.
ಮೂರು ಕಂತಿನಲ್ಲಿ ಸಂಬಳದಿಂದ ಹಿಡಿದರು.

ಪ್ರೆಸಿಲ್ಲಾ ಮಿಸ್ ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವರು.
"ಒಂದು ಸಂಗತಿ ಒಂದೇ ಕಡೆ ಇರಬೇಕು.
ಎರಡು ಕಡೆ ಬರೆದರೆ
ಒಂದಲ್ಲ ಒಂದು ದಿನ ಎರಡೂ ಜಗಳ ಆಡುತ್ತವೆ."
ಹಾಗಾದರೆ ಮಿಸ್, ಬಂಗುಡೆಯನ್ನು ಎಂತ ಮಾಡುವುದು?
ನನ್ನ ಪುಸ್ತಕದಲ್ಲಿ ಬಂಗುಡೆ, ನಿಮ್ಮ ಮನೆಯಲ್ಲಿ ಬಾಂಗ್ಡೊ,
ತಂಝೀಲನ ಉಮ್ಮನಿಗೆ ಅಯಿಲ.
ಒಂದೇ ಮೀನು, ಕಾವಲಿಗೆ ಬೀಳುವವರೆಗೆ ಮೂರು ಹೆಸರು.
ಮಿಸ್ ನಕ್ಕರು. ನಂಬರು ಕೊಡಿ ಎಂದರು.
ಕೊಟ್ಟೆ. ಬಂಗುಡೆಗೆ ಏಳು, ಬೂತಾಯಿಗೆ ಎಂಟು.
ಏಳು ಎಂದರೆ ಬಾಯಲ್ಲಿ ನೀರು ಬರುವುದಿಲ್ಲ.

ನಿಮ್ಮ ಕೆಲಸದ್ದೇ ಒಂದು ಟೇಬಲ್ ಮಾಡಿ ತನ್ನಿ ಎಂದಾಗ
ಬುಟ್ಟಿಯ ಹೆಂಗಸರನ್ನು ತಂದೆ.
ಬೆಳಗ್ಗೆ ನಾಲ್ಕಕ್ಕೆ ಮೀನು ಎತ್ತಿ
ಮರುದಿನ ದುಡ್ಡು ಕೊಡುವವರು, ಕೊಡದವರು,
ಅರುವತ್ತಮೂರು ಜನ. ಹೆಸರು, ಊರು, ಬಾಕಿ.
ಸಾಲಿಗೊಬ್ಬಳು.
ಕೊಂಬು ತೆಗೆದರೆ ಸಾಲು ಸಾಲವೇ,
ಅಕ್ಷರ ಕಲಿಸಿದ ಟೀಚರ್ ಇದನ್ನು ಹೇಳಿರಲಿಲ್ಲ.

ವಾರಿಜ ಇಬ್ಬರು. ಬೆಂಗ್ರೆಯವಳು, ಹೊಯಿಗೆ ಬಜಾರಿನವಳು.
ದಕ್ಕೆಯಲ್ಲಿ ಗುರುತೇ ಬೇರೆ:
ಒಬ್ಬಳು ಬೈದು ಕೊಡುತ್ತಾಳೆ, ಒಬ್ಬಳು ಕೊಟ್ಟು ಬೈಯುತ್ತಾಳೆ.
ಅದಕ್ಕೆ ಕಾಲಂ ಇಲ್ಲ.
ಫ್ಲೋಸಿಬಾಯಿಯ ಫೋನಿನ ಜಾಗ ಖಾಲಿ.
ಸೊನ್ನೆ ಹಾಕಬೇಡಿ, ಅದು ನಲ್, ಎಂದರು ಮಿಸ್.
ಇಲ್ಲ ಅಂತಲ್ಲ, ನಮಗೆ ಗೊತ್ತಿಲ್ಲ ಅಂತ.

ನಿನ್ನೆ ಅಪ್‌ಡೇಟ್ ಪಾಠ.
ಹೊಯಿಗೆ ಬಜಾರಿನ ವಾರಿಜ ಬೆಳಗ್ಗೆ ಪೂರಾ ತೀರಿಸಿದ್ದಳು,
ನೋಟೆಲ್ಲ ಒದ್ದೆ.
ಅವಳ ಬಾಕಿಯನ್ನು ಸೊನ್ನೆ ಮಾಡಹೊರಟೆ.
ಯಾರದ್ದು ಎಂದು ಹೇಳುವ ಕೊನೆಯ ಮಾತು, ವೇರ್,
ಬರೆಯಲು ಮರೆತು ಎಂಟರ್ ಒತ್ತಿದೆ.

ಅರುವತ್ತಮೂರು ಸಾಲು ಬದಲಾಗಿವೆ, ಎಂದಿತು ಪರದೆ.

ಸದ್ದಿಲ್ಲ.
ದಕ್ಕೆಯಲ್ಲಿ ಹತ್ತು ರೂಪಾಯಿ ಬಿಡಿಸಲು ಎಷ್ಟು ಗಂಟಲು ಬೇಕು!
ಇಲ್ಲಿ ಸೊನ್ನೆಯ ಕೆಳಗೆ ಸೊನ್ನೆ,
ಬಲೆಯ ಅಂಚಿಗೆ ಪೋಣಿಸಿದ ಬೆಂಡಿನ ಹಾಗೆ ತೇಲುತ್ತಿತ್ತು.
ಅಪ್ಪಿಯಕ್ಕ ಗಂಡನ ಆಪರೇಷನ್ನಿಗೆ ಎತ್ತಿದ ಒಂಬತ್ತು ಸಾವಿರ, ಇಲ್ಲ.
ಕುಸುಮಳ ಇನ್ನೂರ ನಲುವತ್ತು,
ಅದಕ್ಕಾಗಿ ಆರು ತಿಂಗಳಿಂದ ನನ್ನ ಮೇಜಿನೆದುರು ಹಾಯದೆ
ಐಸ್ ಪ್ಲಾಂಟಿನ ಹಿಂದಿನಿಂದ ಹೋಗುತ್ತಾಳೆ, ಅದೂ ಇಲ್ಲ.
ಮೂವತ್ತೇಳನೆಯ ಸಾಲು ನನ್ನ ಅಮ್ಮ.
ಅಮ್ಮ ತೀರಿದಳು, ಬಾಕಿ ತೀರಿರಲಿಲ್ಲ.

"ಗಾಬರಿ ಬೇಡ, ಕಮಿಟ್ ಆಗಿಲ್ಲವಲ್ಲ," ಎಂದರು ಮಿಸ್,
"ರೋಲ್‌ಬ್ಯಾಕ್ ಅಂತ ಬರೆಯಿರಿ, ಎಲ್ಲ ಇದ್ದ ಹಾಗೇ ಬರುತ್ತದೆ."
ಉಮಾನಾಥ ಬಗ್ಗಿ ನೋಡಿದ.
"ಎಂತ ಅಕ್ಕ, ಎಲ್ಲರಿಗೂ ಫ್ರೀ ಪಾಸಾ?"
ನಾನು ಕೈಯನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಕೂತೆ.
ಸ್ಪೆಲ್ಲಿಂಗ್ ಯೋಚಿಸುತ್ತಿದ್ದೇನೆ ಎಂದುಕೊಂಡಿರಬೇಕು ಮಿಸ್.

ಬರೆದೆ.
ಬಾಕಿಯೆಲ್ಲ ಬಂತು, ಪೈಸೆ ತಪ್ಪದೆ.

ಇವತ್ತು ಬೆಳಗ್ಗೆ ಐಸ್ ಪ್ಲಾಂಟಿನ ಹಿಂದೆ ಕುಸುಮಳ ಸೀರೆ ಕಂಡಿತು.
ನಿನ್ನೆ ಏಳೂವರೆಗೆ, ಒಂದೆರಡು ನಿಮಿಷ,
ನೀನು ಯಾರಿಗೂ ಏನೂ ಕೊಡಲಿಕ್ಕಿರಲಿಲ್ಲ ಮಾರಾಯ್ತಿ,
ಎಂದು ಕೂಗಿ ಹೇಳೋಣ ಎನಿಸಿತು.
ಅವಳ ಬುಟ್ಟಿ ತುಂಬಿತ್ತು.
ಬಂಗುಡೆ. ಬೇರೆ ಯಾರದೋ ಪುಸ್ತಕದಲ್ಲಿ
ಬರೆಸಿ ಎತ್ತಿದ್ದು.