ವಜಾ

ಲಂಬಾಸದ ಸಕ್ಕರೆ ಗಿರಣಿಯ ಬಾಗಿಲಲ್ಲಿ
ಗಾಜಿನ ಗೂಡೊಳಗೆ ನಾನು, ಹತ್ತೊಂಬತ್ತು ವರ್ಷದಿಂದ.
ಲಾರಿ ಬಂದು ತೂಕದ ಹಲಗೆಯ ಮೇಲೆ ನಿಲ್ಲುತ್ತದೆ, ಬರೆಯುತ್ತೇನೆ.
ಕಬ್ಬು ಸುರಿದು ಮರಳಿ ಬಂದು ನಿಲ್ಲುತ್ತದೆ, ಬರೆಯುತ್ತೇನೆ.
ಮೊದಲನೆಯದರಲ್ಲಿ ಎರಡನೆಯದು ವಜಾ.
ಉಳಿದದ್ದು ಕಬ್ಬು.
ಒಳಗೆ ಹೋಗುವಾಗ ಸ್ಟಿಯರಿಂಗ್ ಹಿಡಿದವನೇ
ಹೊರಗೆ ಬರುವಾಗಲೂ ಹಿಡಿದಿರುವುದರಿಂದ
ಈ ಲೆಕ್ಕದಲ್ಲಿ ಮನುಷ್ಯ,
ಎಷ್ಟೇ ದಪ್ಪಗಿರಲಿ, ಸೊನ್ನೆ.

ಇದನ್ನು ಯಾರೂ ನನಗೆ ಕಲಿಸಿದ್ದಲ್ಲ.
ಒಂದು ರಾತ್ರಿಪಾಳಿಯಲ್ಲಿ ಚಹಾ ಆರುತ್ತಿದ್ದಾಗ ತಾನಾಗಿ ಹೊಳೆಯಿತು,
ಹೊಳೆದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಮುತ್ತಜ್ಜಿಯನ್ನು ಹಡಗು ಹತ್ತಿಸುವ ಮುನ್ನ ಅಳೆದಿದ್ದರಂತೆ:
ಎತ್ತರ ನಾಲ್ಕು ಅಡಿ ಹತ್ತು ಅಂಗುಲ,
ಎಡಹುಬ್ಬಿನ ಮೇಲೆ ಹಳೆಯ ಗಾಯ.
ತೂಕ ಬರೆದಿರಲಿಲ್ಲ.
ಅಗ್ರಿಮೆಂಟ್ ಎನ್ನಲು ನಾಲಗೆ ಹೊರಳದೆ
ಗಿರ್ಮಿಟ್ ಎಂದರು ನಮ್ಮವರು.
ಐದು ವರ್ಷ ಕೊರೆಯಿತು ಅದು, ಹೆಸರಿಗೆ ತಪ್ಪದೆ.

ಈ ಸಲ ಹಂಗಾಮಿನ ಕೊನೆಯ ವಾರ ಯಂತ್ರ ಕೆಟ್ಟಿತು.
ಲಾರಿಗಳ ಸಾಲು ಸೇತುವೆ ದಾಟಿ, ಮಸೀದಿ ದಾಟಿ,
ಚೀನೀಯರ ಬೇಕರಿಯವರೆಗೆ.
ಕಡಿದ ಕಬ್ಬಿಗೆ ಕಾಯಲು ಬರುವುದಿಲ್ಲ,
ಗಂಟೆಗಂಟೆಗೂ ಒಣಗಿ ಹಗುರಾಗುತ್ತದೆ.
ಲಾರಿಯ ಅಡಿಯಲ್ಲೇ ಚಾಪೆ ಹಾಸಿದರು ಚಾಲಕರು.
ಮೇಲೆ ಕಬ್ಬಿಗೆ ತೂಕ ಇಳಿಯುತ್ತಿತ್ತು,
ಕೆಳಗೆ ಅವರಿಗೆ ತೂಕಡಿಕೆ.
ಸುಟ್ಟ ಹೊಲದ ಕರಿಬೂದಿ ಹಾರಿಬಂದು
ರೊಟ್ಟಿಯ ಮೇಲೆ, ಕುತ್ತಿಗೆಯ ಮಡಿಕೆಯಲ್ಲಿ,
ನನ್ನ ಲೆಕ್ಕದ ಪುಸ್ತಕದ ಹಾಳೆಗಳ ನಡುವೆ.

ಮೂರನೆಯ ರಾತ್ರಿ ಅಪ್ಪಲಸಾಮಿಯ ಲಾರಿ ಬಂತು.
ಓಡಿಸುತ್ತಿದ್ದವನು ತಂಗಿಯ ಮಗ ರೊನೀಲ್.
ಮುದುಕ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು,
ಕಬ್ಬು ಕಡಿಯುವ ಕತ್ತಿಯನ್ನು ಗೋಣಿಯಲ್ಲಿ ಸುತ್ತಿ
ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು.
ಪಕ್ಕದವರು ಇಳಿಯಬೇಕು, ಅದು ನಿಯಮ.
ಕಿಟಕಿ ಸರಿಸಿದೆ. ಹೇಳಲಿಲ್ಲ.
ಹದಿನಾಲ್ಕು ಟನ್ನು ಮುನ್ನೂರ ಎಂಬತ್ತು ಕಿಲೋ,
ಬರೆದೆ.

ಗೊತ್ತಿತ್ತು ನನಗೆ,
ಮೂವತ್ತು ವರ್ಷದ ಗುತ್ತಿಗೆ ಆ ತಿಂಗಳಿಗೆ ಮುಗಿದಿತ್ತು.
ನೆಲ ಸೈರುಸಿಯ ಕುಲದ್ದು, ಎಂದಿನಿಂದಲೂ ಅವರದೇ.
ಯಾರೂ ಯಾರನ್ನೂ ಬೈದಿರಲಿಲ್ಲ.
ಸಾಲಿನಲ್ಲಿ ಇಬ್ಬರೂ ಒಂದೇ ಪ್ಲಾಸ್ಟಿಕ್ ಬೋಗುಣಿಯ ಮುಂದೆ ಕೂತು
ತೆಂಗಿನ ಚಿಪ್ಪಿನಲ್ಲಿ ಯಂಗೋನಾ ಕುಡಿದಿದ್ದರು,
ನಾಲಗೆ ಜೋಮು ಹಿಡಿಯುವವರೆಗೆ.
ಸೈರುಸಿ ಕೇಳಿದ್ದನಂತೆ,
ಕೂಳೆ ಇನ್ನೆಷ್ಟು ವರ್ಷ ಚಿಗುರೀತು?
ಕೆಳಗಿನ ತುಂಡು ತೇವ ಹಿಡಿಯುತ್ತದೆ,
ಕಾಲುವೆಯ ಹೂಳು ತೆಗೆಸು, ಮೂರು ವರ್ಷಕ್ಕೆ ಮೋಸವಿಲ್ಲ,
ಎಂದಿದ್ದನಂತೆ ಇವನು.

ಲಾರಿ ಮರಳಿತು. ರೊನೀಲ್ ಒಬ್ಬನೇ.
"ಮಾಮ ಎಲ್ಲಿ?"
"ಕಬ್ಬು ಬೀಳುವುದನ್ನು ನಿಂತು ನೋಡಿದ.
ಹಿಂದಿನ ಗೇಟಿನಿಂದ ಹೊರಟ, ರೈಲುಹಳಿಯ ಗುಂಟ."
ಐದು ಟನ್ನು ತೊಂಬತ್ತು ಕಿಲೋ.
ವಜಾ ಹಾಕಿದೆ.
ಒಂಬತ್ತು ಟನ್ನು ಇನ್ನೂರ ತೊಂಬತ್ತು.
ಉಳಿದದ್ದು ಕಬ್ಬು,
ಮತ್ತೆ ಆ ಕಬ್ಬಿನೊಳಗೆ ಎಲ್ಲೋ ಒಬ್ಬ ಮುದುಕ,
ಕತ್ತಿಸಮೇತ, ಅಂದಾಜು ಐವತ್ತೆಂಟು ಕಿಲೋ.

ತಿದ್ದಬಹುದಿತ್ತು.
ಕೆಂಪು ಪೆನ್ನು ಕೈಗೆಟುಕುವಷ್ಟು ಹತ್ತಿರವೇ ಇತ್ತು.
ಟನ್ನಿನ ದರ ಹಿಡಿದು ಮನಸ್ಸಿನಲ್ಲೇ ಗುಣಿಸಿದೆ,
ಐದು ಡಾಲರು ಚಿಲ್ಲರೆ.
ಇರಲಿ.
ಅವನ ಹೆಸರಲ್ಲಿ ಒಂದು ಸಲವಾದರೂ
ಅವನೂ ಜಮೆಯಾಗಲಿ.

ರೊನೀಲ್ ಚೀಟಿ ಓದಿದ, ನನ್ನತ್ತ ನೋಡಿದ,
ಇನ್ನೊಮ್ಮೆ ಓದಿದ,
ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.
ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಿತ್ತು.
ಪುಸ್ತಕದ ಮೇಲಿನ ಬೂದಿ ಊದಿ,
ಪಕ್ಕದವರು ಇಳಿಯಿರಿ,
ಎಂದು ಕೂಗಿದೆ.