ಕಲ್ಲಿಗೆ ತಕರಾರಿಲ್ಲ

ನನ್ನ ಮೇಜಿನೆದುರು ಗೋಡೆಗೊಂದು ನಕ್ಷೆ.
ಕೆಂಪು ಪೆನ್ನು ಹಿಡಿದು ಧಣಿ ಕ್ಲೆಟಸ್
ತಾನೇ ಗೀಚಿದ ರಾಜ್ಯಗಳು:
ಇಲ್ಲಿಗೆ ಬೇಡ, ಇಲ್ಲಿಗೂ ಬೇಡ,
ಇಲ್ಲಿಗೆ ಕೇಳಿ ಕಳಿಸು,
ಇಲ್ಲಿಗೆ ಕೇಳಲೂ ಬೇಡ.
ಕಾನೂನು ಓದಿದವನಲ್ಲ ಅವನು.
ಒಮ್ಮೆ ವಕೀಲರ ಬಿಲ್ಲು ಓದಿದ್ದಾನೆ, ಅಷ್ಟೆ.

ನೆಬ್ರಾಸ್ಕಾದ ಈ ಗೋದಾಮಿನಲ್ಲಿ
ಹನ್ನೊಂದು ವರ್ಷದಿಂದ ಡಬ್ಬ ಕಟ್ಟುತ್ತಿದ್ದೇನೆ.
ಮುತ್ತಜ್ಜಂದಿರ ಕೋವಿಗಳ ಹೊಸ ನಕಲು.
ಬಾಯಿಯಿಂದ ಕರಿಮದ್ದು ಸುರಿದು, ಗಜದಿಂದ ಜಡಿದು,
ಒಂದು ಈಡು ಹೊಡೆದರೆ
ಇನ್ನೊಂದಕ್ಕೆ ಅರ್ಧ ನಿಮಿಷ ಕಾಯಬೇಕು.
ಅಷ್ಟರಲ್ಲಿ ಮೊಲ ಕೌಂಟಿ ದಾಟಿರುತ್ತೆ ಡಾರ್ಲೀನ್,
ಅಂತ ಕ್ಲೆಟಸ್ ನಗುತ್ತಾನೆ.
ನಾನು ನಗುವುದಿಲ್ಲ.
ಜಿಂಕೆ ಬೇಟೆಯ ಮೊದಲ ಬೆಳಗು
ನನ್ನ ತಮ್ಮ ವೆನ್ಸೆಲನಿಗೆ
ಯಾರದೋ ಒಂದೇ ಈಡು ಸಾಕಾಗಿತ್ತು.

ನವೆಂಬರಿನಲ್ಲಿ ಒಂದು ಆರ್ಡರು:
ಚಕಮಕಿ ಕೋವಿ, ಒಂದು.
ಲ್ಯಾಂಬರ್ಟ್ ಟರ್ಹ್ಯೂನ್, ನ್ಯೂಜೆರ್ಸಿ.
ಯಂತ್ರವೇ ಬೇಡವೆಂದಿತು. ಮುದುಕ ಫೋನು ಮಾಡಿದ.
"ನನ್ನ ಕಿಟಕಿಯಿಂದ ಡೆಲವೇರ್ ಹೊಳೆ ಕಾಣುತ್ತೆ ಮೇಡಂ.
ಆಚೆ ದಡ ಪೆನ್ಸಿಲ್ವೇನಿಯಾ.
ಅಲ್ಲಿ ವಿಳಾಸ ಇದ್ದರೆ
ನಾಯಿಗೂ ಕೋವಿ ಕಳಿಸುತ್ತೀರಿ ನೀವು."

ಆಮೇಲೆ ದನಿ ಇಳಿಸಿ ಹೇಳಿದ:
ವರ್ಷಕ್ಕೊಮ್ಮೆ ಹಳೇ ಯುದ್ಧದ ಅಂಗಿ ತೊಟ್ಟು
ಗುಂಡಿಲ್ಲದ ಬರೀ ಮದ್ದು ಸಿಡಿಸಿ
ಹುಲ್ಲಿನ ಮೇಲೆ ಸಾಯುತ್ತಿದ್ದರಂತೆ ಇವರೆಲ್ಲ,
ಸತ್ತು, ಎದ್ದು, ಮೊಣಕಾಲು ಒರೆಸಿಕೊಂಡು
ಸ್ಯಾಂಡ್‌ವಿಚ್ ತಿನ್ನುತ್ತಿದ್ದರಂತೆ.
ಗೆಳೆಯ ಹೋಬಾರ್ಟ್ ಆ ಬಯಲಲ್ಲಿ
ನಲವತ್ತು ಸಲ ಸತ್ತು ನಲವತ್ತು ಸಲ ಎದ್ದ.
ಮೊನ್ನೆ ಮಂಗಳವಾರ, ಅಡುಗೆಮನೆಯಲ್ಲಿ,
ಏಳಲಿಲ್ಲ.
ಗೋರಿಯ ಮೇಲೊಂದು ಈಡು ಹಾರಿಸುವ ಮಾತು ಕೊಟ್ಟಿದ್ದೆ.
ನನ್ನ ಕೋವಿಯ ನಳಿಗೆ ಸೀಳಿದೆ.
ಉಳಿದ ಮೂವರವು ಮಕ್ಕಳ ಬೀಗದೊಳಗಿವೆ,
"ಅಪ್ಪನ ಕೈ ನಡುಗುತ್ತೆ" ಅಂತ.

ಕಳಿಸಲಾಗುವುದಿಲ್ಲ ಸರ್, ಅಂದೆ.
ಕಾಗದಪತ್ರ ಎಲ್ಲ ಇದೆ, ಅಂದ.
ಇದ್ದರೂ ಸರ್, ಅಂದೆ.
ಅವನು ಸುಮ್ಮನಾದ.
ಫೋನಿನಲ್ಲಿ ಹೊಳೆ ಕೇಳಿಸಿತೋ
ಅವನ ಉಸಿರೋ, ಹೇಳಲಾರೆ.

ಸಂಜೆ ಬಾಗಿಲು ಹಾಕುವ ಮುಂಚೆ
ಬಿಡಿಭಾಗದ ಡ್ರಾಯರು ಎಳೆದೆ.
ಉಗುರಿನಷ್ಟಗಲದ ಚಕಮಕಿ ಕಲ್ಲು,
ಬೆಲೆ ಎರಡು ಡಾಲರಿಗೆ ಕಮ್ಮಿ.
ನಕ್ಷೆ ನೋಡಿದೆ. ಕಲ್ಲಿಗೆ
ಯಾವ ರಾಜ್ಯದ ತಕರಾರೂ ಇಲ್ಲ.
ತೊಗಲಿನ ಚೂರಲ್ಲಿ ಸುತ್ತಿ
ನನ್ನ ದುಡ್ಡಲ್ಲೇ ತುರ್ತು ಅಂಚೆಗೆ ಹಾಕಿದೆ.
ಏನೂ ಬರೆಯಲಿಲ್ಲ. ಏನಂತ ಬರೆಯಲಿ?
ಕೋವಿ ಕೇಳಿದವನಿಗೆ ಕಲ್ಲು ಕೊಟ್ಟವಳು.

ಹದಿನೈದು ದಿನಕ್ಕೆ ಒಂದು ಕಾರ್ಡು,
ಅಕ್ಷರಗಳು ಸಾಲು ಬಿಟ್ಟು ಇಳಿಜಾರು ಹಿಡಿದಿವೆ:
"ನಾಲ್ವರೂ ಸಾಲಾಗಿ ನಿಂತೆವು.
ನಾನೇ ಆಜ್ಞೆ ಕೂಗಿದೆ.
ಚಾಕುವಿನ ಬೆನ್ನಿಗೆ ಕಲ್ಲು ಗೀರಿದೆ,
ಎರಡು ಸಲ ಬರೀ ಸದ್ದು, ಮೂರನೆಯದಕ್ಕೆ ಕಿಡಿ.
ಕಿಡಿ ಕಂಡೊಡನೆ ನಾಲ್ವರೂ
ಬಾಯಲ್ಲೇ 'ಢಂ' ಅಂದೆವು.
ಹೋಬಾರ್ಟನ ಮೊಮ್ಮಗಳು ಕಿಸಕ್ಕೆಂದಳು.
ಕಾಗೆಗಳು ಮಾತ್ರ ನಿಜವಾಗಿ ಹಾರಿದವು.
ಕಲ್ಲಿನ ಬಿಲ್ಲು ಕಳಿಸಿ."

ಕಳಿಸಲಿಲ್ಲ.
ಇವತ್ತು ಕ್ಲೆಟಸ್ ಇನ್ನೊಂದು ರಾಜ್ಯ ಗೀಚಿದ,
ಪೆನ್ನು ಅರ್ಧಕ್ಕೇ ಒಣಗಿತು,
ಅರ್ಧ ರಾಜ್ಯ ಹಾಗೇ ಉಳಿದಿದೆ.
ನಾನೊಂದು ಕಲ್ಲು ಮನೆಗೆ ತಂದೆ.
ದೀಪ ಆರಿಸಿ, ಸಿಂಕಿನ ಪಕ್ಕ ನಿಂತು,
ಹಳೇ ಅರದ ಮೇಲೆ ಗೀರಿದೆ.
ಮೊದಲ ಏಟಿಗೇ ಕಿಡಿ.
ವೆನ್ಸೆಲ್, ಅಂತ ಬಾಯಿ ತೆರೆದೆ.
ಅರ್ಧ ನಿಮಿಷ ಕಾದೆ.
ಹೊರಗೆ ಜೋಳದ ಲಾರಿಯೊಂದು
ಗೇರು ಬದಲಿಸಿ ಹೋಯಿತು.